ಠಾಣೆಗೆ ಬಂದ ಹಡಗುಗಳು, ಮದೀನಾದಿಂದ ಹೋದ ಪತ್ರ

ಘಾಟ್ಕೋಪರ್‌ನಲ್ಲಿ ಸ್ಲೋ ಲೋಕಲ್ ಹತ್ತಿದರೆ ಆರನೆಯ ನಿಲ್ದಾಣ ಠಾಣೆ. ಘಾಟ್ಕೋಪರ್‌ನ ಪೂರ್ವಕ್ಕೆ ಕಾಂಡ್ಲಾ ಗಿಡಗಳಾಚೆ ಹರಡಿರುವ ಕ್ರೀಕ್‌ನ ಉಪ್ಪುನೀರೂ ಅದೇ ಊರಿನತ್ತ ಸಾಗುತ್ತದೆ. ಚಳಿಗಾಲದಲ್ಲಿ ಫ್ಲೆಮಿಂಗೊಗಳು ಇಳಿಯುವ ಈ ನೀರಿನ ಅಂಚಿನ ಊರು, ಆರಂಭಿಕ ಇಸ್ಲಾಮಿನ ಚರಿತ್ರೆಯಲ್ಲಿ ಒಮ್ಮೆ ಹೆಸರು ಪಡೆದಿದೆ.

9ನೆಯ ಶತಮಾನದ ಇತಿಹಾಸಕಾರ ಬಲಾಧುರಿ ತನ್ನ ‘ಫುತೂಹ್ ಅಲ್-ಬುಲ್ದಾನ್’ನಲ್ಲಿ ಈ ಪ್ರಸಂಗ ಹೇಳುತ್ತಾನೆ. ಕ್ರಿ.ಶ. 636ರ ಸುಮಾರಿಗೆ ಬಹ್ರೇನ್ ಮತ್ತು ಒಮಾನ್‌ಗಳ ಅಧಿಕಾರಿಯಾಗಿದ್ದ ಉಸ್ಮಾನ್ ಬಿನ್ ಅಬಿಲ್ ಆಸ್ ಠಾಣೆಯತ್ತ ಪಡೆ ಕಳುಹಿಸಿದ. ಅದು ಮರಳಿದ ಮೇಲೆ ಮದೀನಾದಲ್ಲಿದ್ದ ಖಲೀಫ ಉಮರ್ ಅವರಿಗೆ ಬರೆದು ತಿಳಿಸಿದ. ಬಂದದ್ದು ಮೆಚ್ಚುಗೆಯಲ್ಲ, ಗದರಿಕೆ. ಹುಳುವನ್ನು ಮರದ ತುಂಡಿನ ಮೇಲೆ ಕೂರಿಸಿ ಕಡಲಿಗೆ ಬಿಟ್ಟಂತಾಯಿತು, ಆ ಜನ ಸತ್ತಿದ್ದರೆ ಅಷ್ಟೇ ಮಂದಿಯನ್ನು ನಿನ್ನ ಕುಲದಿಂದ ವಸೂಲು ಮಾಡುತ್ತಿದ್ದೆ ಎಂಬುದು ಪತ್ರದ ತಾತ್ಪರ್ಯ.

ಉಮರ್ ಯುದ್ಧಕ್ಕೆ ಹಿಂಜರಿಯುವವರಲ್ಲ. ಅವರ ಹತ್ತು ವರ್ಷಗಳಲ್ಲೇ ಸಿರಿಯಾ, ಇರಾಕ್, ಈಜಿಪ್ಟ್ ಅರಬರ ವಶವಾದವು. ಆದರೆ ಕಡಲನ್ನು ಅವರು ನಂಬಲಿಲ್ಲ. ಸೈಪ್ರಸ್ ಮೇಲೆ ಹೋಗಲು ಸಿರಿಯಾದ ಅಧಿಕಾರಿ ಮುಆವಿಯಾ ಕೇಳಿದಾಗಲೂ ಒಪ್ಪಲಿಲ್ಲ. ಮುಂದಿನ ಖಲೀಫ ಉಸ್ಮಾನ್ ಬಿನ್ ಅಫ್ಫಾನ್ ಒಪ್ಪಿದರು. 649ರಲ್ಲಿ ಹಡಗುಗಳು ಹೊರಟವು. ಗದ್ದುಗೆಯ ಮೇಲಿನ ವ್ಯಕ್ತಿ ಬದಲಾದಂತೆ ಸಾಮ್ರಾಜ್ಯದ ಗಡಿಯೂ ಬದಲಾಯಿತು.

ಆ ವ್ಯಕ್ತಿಯನ್ನು ಆರಿಸುವ ಬಗೆಯೇ ನಿಶ್ಚಿತವಾಗಿರಲಿಲ್ಲ. 632ರಲ್ಲಿ ಪ್ರವಾದಿಯವರು ತೀರಿಕೊಂಡಾಗ ಮದೀನಾದ ಸಭೆಯೊಂದರಲ್ಲಿ ಅಬೂಬಕರ್ ಆಯ್ಕೆಯಾದರು. ಆ ಸ್ಥಾನ ಅಲಿಯವರದ್ದೇ ಆಗಿತ್ತು ಎಂಬುದು ಶಿಯಾಗಳ ನಂಬಿಕೆ. 634ರಲ್ಲಿ ಅಬೂಬಕರ್ ತಾವೇ ಉಮರ್‌ರನ್ನು ಹೆಸರಿಸಿದರು. 644ರಲ್ಲಿ ಇರಿತಕ್ಕೊಳಗಾದ ಉಮರ್ ಆರು ಮಂದಿಯ ಸಮಿತಿಗೆ ಆಯ್ಕೆ ಬಿಟ್ಟರು. 656ರಲ್ಲಿ ಉಸ್ಮಾನ್ ಕೊಲೆಯಾದ ಮೇಲೆ ಅಲಿ ಬಂದರು, ಅಂತರ್ಯುದ್ಧವೂ ಬಂತು. 661ರಲ್ಲಿ ಅಲಿಯವರೂ ಕೊಲೆಯಾಗಿ ಅಧಿಕಾರ ಮುಆವಿಯಾನ ಕೈ ಸೇರಿತು. ಆತ ಮಗ ಯಜೀದನನ್ನು ಉತ್ತರಾಧಿಕಾರಿಯಾಗಿ ಮಾಡಿದ.

ವಂಶದ ಆಳ್ವಿಕೆಯಿಂದಲೂ ಗೊಂದಲ ಮುಗಿಯಲಿಲ್ಲ. ಸಿಂಧ್ ಗೆದ್ದ ಮುಹಮ್ಮದ್ ಬಿನ್ ಕಾಸಿಮ್, 715ರಲ್ಲಿ ಖಲೀಫ ವಲೀದ್ ಸತ್ತು ಸುಲೈಮಾನ್ ಬಂದೊಡನೆ ಪದಚ್ಯುತನಾದ. ಅವನ ಪೋಷಕ ಹಜ್ಜಾಜ್ ಹೊಸ ಖಲೀಫನಿಗೆ ಆಗದವನಾಗಿದ್ದ. ಗೆದ್ದ ಸೇನಾನಿ ಇರಾಕ್‌ನ ಸೆರೆಯಲ್ಲಿ ಸತ್ತ.

ಇದು ಅರಬರಿಗೆ ಮಾತ್ರ ಸಲ್ಲುವ ಮಾತಲ್ಲ. ಠಾಣೆಗೆ ಹಡಗು ಬಂದ ಕಾಲದಲ್ಲಿ ಬಾದಾಮಿಯಿಂದ ಆಳುತ್ತಿದ್ದ ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಮಣಿಸಿದ್ದನ್ನು 634ರ ಐಹೊಳೆ ಶಾಸನ ಹೇಳುತ್ತದೆ. ಅವನೂ ಚಿಕ್ಕಪ್ಪ ಮಂಗಲೇಶನೊಡನೆ ಹೋರಾಡಿಯೇ ಪಟ್ಟ ಪಡೆದವನು. 642ರಲ್ಲಿ ಅವನು ಬಿದ್ದ ಮೇಲೆ ಮಗ ಒಂದನೆಯ ವಿಕ್ರಮಾದಿತ್ಯ ರಾಜ್ಯವನ್ನು ಮತ್ತೆ ಕಟ್ಟಲು ಹದಿಮೂರು ವರ್ಷ ಹಿಡಿಯಿತು.

ಠಾಣೆಯ ಉತ್ತರದ ಕರಾವಳಿಯನ್ನು ಕೊನೆಗೆ ಒಬ್ಬ ಅರಬ ಆಳಿದ್ದೂ ಉಂಟು. 926ರ ಚಿಂಚಣಿ ತಾಮ್ರಪಟದಲ್ಲಿ ಸಂಜಾಣದ ಅಧಿಕಾರಿ ಒಬ್ಬ ತಾಜಿಕ. ಹೆಸರು ಮಧುಮತಿ, ಅಂದರೆ ಮುಹಮ್ಮದ್. ಅವನನ್ನು ನೇಮಿಸಿದ್ದು ಖಲೀಫನಲ್ಲ, ಮಳಖೇಡದ ರಾಷ್ಟ್ರಕೂಟರು. ಆ ತಾಮ್ರಪಟ ಬರೆಸಿದ್ದು ಮಠವೊಂದಕ್ಕೆ ಕೊಟ್ಟ ದತ್ತಿಗಾಗಿ.