ಮೇಪಲ್ ಸಿರಪ್, ಜೇನು, ಬೆಲ್ಲ: ಸಿಹಿ ಒಂದೇ, ದರ ಯಾರ ಕೈಲಿ?

ಸಕ್ಕರೆ ಬಿಡಿ, ಮೇಪಲ್ ಸಿರಪ್ ತಗೊಳ್ಳಿ ಅನ್ನೋ ರೀಲ್‌ಗಳು ಈಗ ನಮ್ಮ ಸಿಂದಗಿಯ ಹುಡುಗರ ಮೊಬೈಲಿಗೂ ಬರ್ತಿವೆ. ಭೀಮಾ ದಂಡೆಯಲ್ಲಿ, ಕಾಲುವೆ ನೀರು ಹರಿದ ಹೊಲಗಳಲ್ಲಿ ಕಬ್ಬು ಬೆಳೆಯುವ ಊರು ನಮ್ಮದು. ಹಾಗಾಗಿ ಈ ಹೋಲಿಕೆ ನನಗೆ ಬರೀ ಅಡುಗೆಮನೆಯ ವಿಷಯವಲ್ಲ.

ಯಾವುದು ಏನು?

ಮೇಪಲ್ ಸಿರಪ್: ಮೇಪಲ್ ಮರದ ರಸವನ್ನು ಕಾಸಿ ಮಾಡಿದ್ದು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಕೆಲವೇ ವಾರ ಈ ರಸ ಇಳಿಯುತ್ತದೆ. ಅದರಲ್ಲಿ ಸಕ್ಕರೆ ಸುಮಾರು ಶೇ. 2. ಹೀಗಾಗಿ 1 ಲೀಟರ್ ಸಿರಪ್‌ಗೆ ಸುಮಾರು 40 ಲೀಟರ್ ರಸ ಬೇಕು.

ಬೆಲ್ಲ: ಕಬ್ಬಿನ ಹಾಲನ್ನು ಗಾಣದ ಕೊಪ್ಪರಿಗೆಯಲ್ಲಿ ಕಾಸಿದ್ದು. ಟನ್ ಕಬ್ಬಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಲ್. ಗಟ್ಟಿಯಾಗುವ ಮುಂಚೆ ಇಳಿಸಿದರೆ ಮಲೆನಾಡಿನ ಜೋನಿ ಬೆಲ್ಲ. ಮೇಪಲ್ ಸಿರಪ್‌ಗೆ ನಮ್ಮಲ್ಲಿ ಹತ್ತಿರದ ನೆಂಟ ಇದೇ.

ಕಾಕಂಬಿ: ಕಾರ್ಖಾನೆಯಲ್ಲಿ ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ದ್ರವ. ಊಟಕ್ಕಲ್ಲ, ಎಥೆನಾಲ್‌ಗೆ ಮತ್ತು ಮದ್ಯಸಾರಕ್ಕೆ ಹೋಗುತ್ತದೆ.

ಜೇನು: ನೀರು ಆರಿಸುವ ಕೆಲಸ ಹುಳುಗಳದ್ದೇ. ಒಂದು ಲೀಟರ್ ನೀರು 1 ಕೆ.ಜಿ. ತೂಗಿದರೆ, ಮೇಪಲ್ ಸಿರಪ್ ಸುಮಾರು 1.3, ಜೇನು ಸುಮಾರು 1.4 ಕೆ.ಜಿ.

ಆರೋಗ್ಯದ ಲೆಕ್ಕ

ಮೇಪಲ್‌ನಲ್ಲಿ ಮ್ಯಾಂಗನೀಸ್, ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ ಇರೋದು ನಿಜ. ಆದರೆ ಚಮಚದ ತುಂಬ ಇರೋದು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಸಕ್ಕರೆ, ಜೇನು, ಸಿರಪ್‌ಗಳನ್ನು ಒಂದೇ ಸಾಲಿಗೆ ಸೇರಿಸಿ, ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಲಿ ಎಂದಿದೆ. ಶುಗರ್ ಇದ್ದವರಿಗೆ ಮೇಪಲ್ ಔಷಧಿ ಅಲ್ಲ, ಬೆಲ್ಲವೂ ಅಲ್ಲ.

ನಿಜವಾದ ವ್ಯತ್ಯಾಸ

ಲೋಕದ ಮೇಪಲ್ ಸಿರಪ್‌ನ ಬಹುಪಾಲು ಬರುವುದು ಕೆನಡಾದ ಕ್ವಿಬೆಕ್‌ನಿಂದ. ಅಲ್ಲಿನ ಉತ್ಪಾದಕರ ಸಂಘ ಯಾರು ಎಷ್ಟು ಮಾರಬೇಕೆಂದು ಕೋಟಾ ಹಾಕುತ್ತದೆ, ಹೆಚ್ಚಾದದ್ದನ್ನು ಡ್ರಮ್ಮುಗಳಲ್ಲಿ ಕೂಡಿಡುತ್ತದೆ. 2021ರಲ್ಲಿ ಇಳುವರಿ ಕುಸಿದಾಗ ಆ ದಾಸ್ತಾನಿನ ಅರ್ಧದಷ್ಟನ್ನು ಮಾರುಕಟ್ಟೆಗೆ ಬಿಟ್ಟಿತು. ಕೋಟಾ ಉಸಿರು ಕಟ್ಟಿಸುತ್ತದೆ ಎನ್ನುವ ಬೆಳೆಗಾರರು ಅಲ್ಲೂ ಇದ್ದಾರೆ. ಆದರೂ ದರದ ಮಾತುಕತೆಯಲ್ಲಿ ಬೆಳೆದವರಿಗೆ ಬಲವಿದೆ.

ನಮ್ಮಲ್ಲಿ ಕಡಿದ ಕಬ್ಬು ಕಾಯಲ್ಲ. ದಿನ ಕಳೆದಂತೆ ತೂಕವೂ ಇಳಿಯುತ್ತೆ, ಸಕ್ಕರೆ ಅಂಶವೂ ಇಳಿಯುತ್ತೆ. ಹಾಗಾಗಿ ಕಾರ್ಖಾನೆ ಹೇಳಿದ್ದೇ ದರ. 2025-26ಕ್ಕೆ ಕೇಂದ್ರದ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅದೂ ಶೇ. 10.25 ಇಳುವರಿ ಬಂದರೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು. ಸರ್ಕಾರದ ಮಧ್ಯಪ್ರವೇಶದಲ್ಲಿ ದರ 3,300ಕ್ಕೆ ನಿಂತಿತು.

ಕಬ್ಬಿಗಿಂತ ಬೆಲ್ಲ ಹೆಚ್ಚು ದಿನ ತಡೆಯುತ್ತದೆ. ಆದರೆ ಗಾಣಕ್ಕೆ ಹೋದ ಕಬ್ಬಿಗೆ ಎಫ್‌ಆರ್‌ಪಿ ಇಲ್ಲ, ಬೆಲ್ಲಕ್ಕೆ ಬೆಂಬಲ ಬೆಲೆಯೂ ಇಲ್ಲ. ಮಳೆಗಾಲದ ತೇವಕ್ಕೆ ಬೆಲ್ಲ ನೀರೊಡೆಯುವುದರಿಂದ, ಒಳ್ಳೆ ಗೋದಾಮು ಇಲ್ಲದವರು ಸೀಸನ್ನಿನಲ್ಲೇ ಸಿಕ್ಕ ದರಕ್ಕೆ ಮಾರಬೇಕು.

ನನ್ನ ಬೇಡಿಕೆ ಸರಳ: ತಾಲೂಕಿಗೊಂದು ಬೆಲ್ಲದ ಗೋದಾಮು, ಗಾಣದವರ ಸಹಕಾರ ಸಂಘ, ದಾಸ್ತಾನಿನ ಮೇಲೆ ಸಾಲ. ಎಳ್ಳಮಾವಾಸ್ಯೆಯ ಹೋಳಿಗೆಗೆ ಯಾವ ಸಿಹಿ ಹಾಕಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕ್ವಿಬೆಕ್‌ನಿಂದ ತರಿಸೋದಾದ್ರೆ ಬಾಟಲಿ ಬದಲು ಆ ಸಂಘಟನೆಯ ಪಾಠ ತರಿಸೋಣ.