ಸಾಕುನಾಯಿಗಳಲ್ಲಿ ಅಸಹಜ ಮೈವಾಸನೆ: ಮೂಲ ಮತ್ತು ರೋಗನಿದಾನ

ಆರೋಗ್ಯವಾಗಿರುವ ನಾಯಿಯ ಮೈಗೂ ಒಂದು ವಾಸನೆ ಇದ್ದೇ ಇರುತ್ತದೆ. ಚರ್ಮದ ಗ್ರಂಥಿಗಳು ಸ್ರವಿಸುವ ಜಿಡ್ಡನ್ನು ಅಲ್ಲೇ ನೆಲೆಸಿರುವ ಬ್ಯಾಕ್ಟೀರಿಯಾ, ಯೀಸ್ಟ್‌ಗಳು ಒಡೆಯುವುದರಿಂದ ಹುಟ್ಟುವ ಈ ವಾಸನೆ ಮಳೆಯಲ್ಲಿ ನೆಂದಾಗ ಏರಿ, ಮೈ ಒಣಗಿದಂತೆ ತಗ್ಗುತ್ತದೆ. ಸ್ನಾನ ಮಾಡಿಸಿದ ಎರಡು ಮೂರು ದಿನಗಳಲ್ಲೇ ಮರುಕಳಿಸುವ ನಾತದ ಬಗೆ ಬೇರೆ. ಅದು ದೇಹದ ಯಾವ ಭಾಗದಿಂದ ಬರುತ್ತಿದೆ ಎಂಬುದನ್ನು ಗುರುತಿಸದೆ ಮತ್ತೆ ಮತ್ತೆ ಶಾಂಪೂ ಹಚ್ಚುವುದರಿಂದ ರೋಗ ಬಲಿಯಲು ಕಾಲಾವಕಾಶ ಸಿಗುತ್ತದೆ, ಅಷ್ಟೆ.

ಕೆಟ್ಟ ಎಣ್ಣೆಯಂಥ ಕಮಟು ವಾಸನೆಯ ಹಿಂದೆ ಬಹಳ ಸಲ ಇರುವುದು ಮಲಾಸೇಜಿಯಾ ಪ್ಯಾಕಿಡರ್ಮಾಟಿಸ್ ಎಂಬ ಯೀಸ್ಟ್. 1925ರಲ್ಲಿ ವೈಡ್‌ಮನ್ ಎಂಬ ವಿಜ್ಞಾನಿ ಇದನ್ನು ಮೊದಲು ವಿವರಿಸಿದ್ದು ಭಾರತೀಯ ಘೇಂಡಾಮೃಗವೊಂದರ ಚರ್ಮದಿಂದ. ನಾಯಿಯ ಚರ್ಮದಲ್ಲಿ ಇದು ಸಹಜವಾಗಿಯೇ ಇರುತ್ತದೆ. ಅಲರ್ಜಿ, ಥೈರಾಯ್ಡ್ ಕೊರತೆ ಅಥವಾ ಅತಿಯಾದ ಜಿಡ್ಡು ಅವಕಾಶ ಕೊಟ್ಟಾಗ ಮಿತಿಮೀರಿ ಬೆಳೆಯುತ್ತದೆ. ಕಂಕುಳು, ತೊಡೆಸಂದು, ಬೆರಳ ಸಂದು, ಕತ್ತಿನ ಅಡಿಭಾಗದ ಚರ್ಮ ಕೆಂಪಾಗಿ, ಕ್ರಮೇಣ ಕಪ್ಪಾಗಿ ಆನೆಯ ತೊಗಲಿನಂತೆ ದಪ್ಪಗಾಗುತ್ತದೆ. ಅಲ್ಲಿಗೆ ಅಂಟುಪಟ್ಟಿ ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡು ಸಣ್ಣಗಿರುವ, ಚಪ್ಪಲಿ ಅಚ್ಚಿನ ಆಕಾರದ ಕೋಶಗಳು ಕಾಣುತ್ತವೆ. ಶೇ. 2 ಕ್ಲೋರ್‌ಹೆಕ್ಸಿಡಿನ್ ಮತ್ತು ಶೇ. 2 ಮೈಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆರಡು ಸಲ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯುವುದು ಅಂಗೀಕೃತ ಚಿಕಿತ್ಸೆ. ಮೂಲದ ಅಲರ್ಜಿಯನ್ನು ಹತೋಟಿಗೆ ತರದಿದ್ದರೆ ಕಮಟು ಮರಳುತ್ತದೆ.

ನಾತದ ಇನ್ನೊಂದು ಮೂಲ ಕಿವಿ. ನಾಯಿಯ ಕಿವಿಯ ನಾಳ ಮೊದಲು ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುವುದರಿಂದ ತೇವ ಅಲ್ಲೇ ನಿಲ್ಲುತ್ತದೆ. ಜೋಲುಗಿವಿಯ ಕಾಕರ್ ಸ್ಪ್ಯಾನಿಯಲ್‌ನಂಥ ತಳಿಗಳಿಗೆ ಕಿವಿಯ ಸೋಂಕು ಹೆಚ್ಚು. ಕಂದು ಗುಗ್ಗೆ ಯೀಸ್ಟಿನ ಸೂಚನೆಯಾದರೆ, ಲೋಳೆಯಂಥ ಕೀವು ಮತ್ತು ತೀವ್ರ ದುರ್ನಾತ ಸೂಡೊಮೊನಾಸ್ ಸೋಂಕಿನ ಶಂಕೆ ಹುಟ್ಟಿಸುತ್ತವೆ. ಕಿವಿತಮಟೆ ಹರಿದಿಲ್ಲವೆಂದು ಖಚಿತವಾಗದೆ ಕಿವಿಗೆ ಹನಿ ಹಾಕುವುದು ಅಪಾಯಕರ.

ಕೊಳೆತ ಮೀನಿನ ನಾತ, ಜೊತೆಗೆ ಹಿಂಭಾಗವನ್ನು ನೆಲಕ್ಕೆ ಉಜ್ಜುವ ಚಾಳಿ ಕಂಡರೆ ಗುದದ್ವಾರದ ಇಕ್ಕೆಲದ ಚೀಲಗ್ರಂಥಿಗಳನ್ನು ಪರೀಕ್ಷಿಸಬೇಕು.

ಬಾಯಿಯ ದುರ್ವಾಸನೆ ಹೆಚ್ಚಾಗಿ ವಸಡಿನ ಕಾಯಿಲೆಯದು. ಉಸಿರಿನಲ್ಲಿ ಅಮೋನಿಯಾ ಘಾಟಿದ್ದರೆ ಮೂತ್ರಪಿಂಡದ ವೈಫಲ್ಯವನ್ನೂ, ಅಸಿಟೋನ್‌ನಂಥ ಸಿಹಿ ಘಾಟಿದ್ದರೆ ಉಲ್ಬಣಗೊಂಡ ಮಧುಮೇಹವನ್ನೂ ರಕ್ತಪರೀಕ್ಷೆಯಿಂದ ಕೂಡಲೇ ನಿರ್ಧರಿಸಿಕೊಳ್ಳಬೇಕು.

ಸಂತಾನಹರಣ ಚಿಕಿತ್ಸೆಯಾಗದ ಹೆಣ್ಣುನಾಯಿಯಲ್ಲಿ ಬೆದೆ ಮುಗಿದ ಕೆಲವು ವಾರಗಳಲ್ಲಿ ಯೋನಿಯಿಂದ ದುರ್ನಾತದ ಸ್ರಾವ ಬಂದರೆ ಅದು ಗರ್ಭಕೋಶದಲ್ಲಿ ಕೀವು ತುಂಬಿದ ತುರ್ತುಸ್ಥಿತಿ ಇರಬಹುದು. ಗರ್ಭಕೊರಳು ಮುಚ್ಚಿಕೊಂಡಿದ್ದರೆ ಸ್ರಾವವೂ ಇಲ್ಲ, ವಾಸನೆಯೂ ಇಲ್ಲ. ಅಪಾಯ ಮಾತ್ರ ಇನ್ನೂ ಹೆಚ್ಚು. ಅಂಥ ನಾಯಿ ಆಹಾರ ಬಿಟ್ಟು, ಅತಿಯಾಗಿ ನೀರು ಕುಡಿಯುತ್ತಿದ್ದರೆ ಅಲ್ಟ್ರಾಸೌಂಡ್ ಪರೀಕ್ಷೆಯನ್ನು ಮುಂದೂಡುವಂತಿಲ್ಲ.