ಮುಲ್ಕಿಯಾದ ಹಿಂದಿರುವ ಮೂರನೆಯ ವ್ಯಕ್ತಿ

ಮುಲ್ಕಿಯಾ ನವೀಕರಣದ ದಿನ ಸಮೀಪಿಸಿದಾಗ ದುಬೈ, ಅಬುಧಾಬಿಗಳ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, "ಇನ್ಶೂರೆನ್ಸ್ ಎಲ್ಲಿ ಅಗ್ಗ?" ಎಂಬುದು. ವಿಮೆಯಿಲ್ಲದೆ ವಾಹನದ ನೋಂದಣಿಯಾಗದು. ಹೀಗಾಗಿ ಅದನ್ನು ಮತ್ತೊಂದು ಶುಲ್ಕವೆಂದೇ ಭಾವಿಸುತ್ತೇವೆ. ಆದರೆ ಈ ಕಡ್ಡಾಯವು ಹುಟ್ಟಿದ್ದು ನಮ್ಮ ಕಾರಿಗಾಗಿ ಅಲ್ಲ, ದಾರಿಯಲ್ಲಿ ಎದುರಾಗುವ ಅಪರಿಚಿತನಿಗಾಗಿ ಎಂಬುದನ್ನು ಅದರ ಇತಿಹಾಸ ತಿಳಿಸುತ್ತದೆ.

ಅಪಘಾತವೆಸಗಿದ ಚಾಲಕನ ಬಳಿ ಹಣವಿಲ್ಲದಿದ್ದರೆ ನೊಂದವರ ಪಾಲಿಗೆ ಬರಿಗೈಯೇ ಗತಿಯಾಗಿತ್ತು. ಈ ಅನ್ಯಾಯವನ್ನು ತಡೆಯಲು ಬ್ರಿಟನ್ 1930ರಲ್ಲಿ ಮೂರನೆಯ ವ್ಯಕ್ತಿಯ ವಿಮೆಯನ್ನು ಕಡ್ಡಾಯಗೊಳಿಸಿತು. ಭಾರತದ 1939ರ ಮೋಟಾರು ವಾಹನ ಕಾಯಿದೆಯೂ ಅದೇ ತತ್ತ್ವವನ್ನು ಸ್ವೀಕರಿಸಿತು. ಅದರ ವಿಮಾ ಅಧ್ಯಾಯವು 1946ರ ಜುಲೈ 1ರಂದು ಜಾರಿಗೆ ಬಂದಿತು.

1971ರಲ್ಲಿ ಉದಯಿಸಿದ ಯು.ಎ.ಇ. ಒಕ್ಕೂಟದಲ್ಲಿ, 1987ರ 54ನೆಯ ಸಚಿವಾದೇಶವು ಏಕರೂಪದ ವಾಹನ ವಿಮಾ ಪಾಲಿಸಿಯನ್ನು ರೂಪಿಸಿತು. 1995ರ 21ನೆಯ ಫೆಡರಲ್ ಸಂಚಾರ ಕಾನೂನು ವಾಹನದ ಪರವಾನಗಿಯನ್ನು ವಿಮೆಯೊಂದಿಗೆ ಬೆಸೆಯಿತು. 2017ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಪಾಲಿಸಿಯು ಅನ್ಯರ ಆಸ್ತಿಹಾನಿಯ ಪರಿಹಾರದ ಮಿತಿಯನ್ನು 20 ಲಕ್ಷ ದಿರ್ಹಮ್‌ಗೆ ಏರಿಸಿತು.

ಈ ನೆಲದ ನ್ಯಾಯಪದ್ಧತಿಯಲ್ಲಿ ಇನ್ನೊಂದು ಅಂಶವಿದೆ, ಅದು ದಿಯಾ. ಅಚಾತುರ್ಯದಿಂದ ಒಬ್ಬರ ಪ್ರಾಣ ಹೋದರೆ ಅವರ ವಾರಸುದಾರರಿಗೆ ಸಲ್ಲಬೇಕಾದ ಹಣವಿದು. 2003ರ ತಿದ್ದುಪಡಿಯಿಂದ ಅದರ ಮೊತ್ತ 2 ಲಕ್ಷ ದಿರ್ಹಮ್. ಸಂಬಳವನ್ನೇ ನಂಬಿ ಬದುಕುವ ಕುಟುಂಬಕ್ಕೆ ಇದು ಹೊರಲಾರದ ಹೊರೆ. ಅದನ್ನು ಹೊರುವುದು ವಿಮೆಯೇ. ಆದರೆ ಮದ್ಯಪಾನ ಮಾಡಿ ಅಥವಾ ಲೈಸೆನ್ಸ್ ಇಲ್ಲದೆ ವಾಹನ ಚಲಾಯಿಸಿದ್ದರೆ, ವಿಮಾ ಕಂಪನಿಯು ನೊಂದವರಿಗೆ ಕೊಟ್ಟ ಹಣವನ್ನು ನಮ್ಮಿಂದಲೇ ವಸೂಲು ಮಾಡಬಹುದು.

ಈ ವಿಮೆಯ ಎಲ್ಲೆಯನ್ನು ನಮಗೆ ನೆನಪಿಸಿದ್ದು 2024ರ ಏಪ್ರಿಲ್ 16ರ ಮಳೆ. 1949ರಿಂದ ಇಟ್ಟಿರುವ ದಾಖಲೆಗಳಲ್ಲಿಯೇ ಅದು ಅತ್ಯಧಿಕ. ಕೇವಲ ಮೂರನೆಯ ವ್ಯಕ್ತಿಯ ವಿಮೆ ಪಡೆದಿದ್ದವರಿಗೆ ನೀರಿನಲ್ಲಿ ಮುಳುಗಿದ ಸ್ವಂತ ಕಾರಿಗೆ ಪರಿಹಾರವಿರಲಿಲ್ಲ. ಅದು ಕಂಪನಿಯ ಮೋಸವಲ್ಲ. ಆ ಪಾಲಿಸಿಯ ಉದ್ದೇಶವೇ ಬೇರೆ. ಸ್ವಂತ ವಾಹನಕ್ಕೆ ಸಮಗ್ರ ವಿಮೆ ಬೇಕು. ಅದರಲ್ಲಿಯೂ ಪ್ರಕೃತಿ ವಿಕೋಪದ ರಕ್ಷಣೆ ಸೇರಿದೆಯೇ ಎಂದು ಓದಿ ನೋಡಬೇಕು.

ಮುಂದಿನ ನವೀಕರಣದಲ್ಲಿ ಬೆಲೆಯ ಜೊತೆಗೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ನಮ್ಮಿಂದ ನೋಯಬಹುದಾದವರಿಗೆ ಏನು ಸಿಗುತ್ತದೆ? ನಮಗೆ ಏನು ಉಳಿಯುತ್ತದೆ?